ಬಾಯಿ ಬಿಟ್ಟ ಹಳಿ

ನಮ್ಮ ಮಾವನ ಬಲಗೈಲಿ ಉಳಿದಿದ್ದದ್ದು ಹೆಬ್ಬೆರಳು, ತೋರುಬೆರಳು ಎರಡೇ. ಆ ಎರಡರಲ್ಲೇ ಮುದ್ದೆ ಮುರಿದು, ಸೊಪ್ಪಿನ ಸಾರಲ್ಲಿ ಅದ್ದಿ ನುಂಗುತ್ತಿದ್ದರು. ಯಾರಾದರೂ ಅಯ್ಯೋ ಪಾಪ ಅಂದರೆ ಮೈಯೆಲ್ಲ ಉರಿದುಹೋಗುತ್ತಿತ್ತು ಅವರಿಗೆ. ಆ ಕೈಯಲ್ಲಿ ಐದೂ ಬೆರಳಿದ್ದ ಕಾಲವನ್ನು ನಾನು ಕಂಡಿದ್ದೇನೆ.

ಐವತ್ತರ ದಶಕದ ಮಾತು. ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಪಕ್ಕದಲ್ಲಿ ಬೆಳೆದ ನಾನು ಲಾರಿ ಕಂಡಿದ್ದೆನೇ ಹೊರತು ರೈಲು ಕಂಡವಳಲ್ಲ. ಮದುವೆಯಾಗಿ ಬಂದದ್ದು ಚಾಮರಾಜನಗರ ಸ್ಟೇಷನ್ ಪಕ್ಕದ ಕ್ವಾರ್ಟರ್ಸಿಗೆ. ಗಂಡ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಮಾವ ಪಾಯಿಂಟ್ಸ್‌ಮನ್, ಅಂದರೆ ಬರುವ ಗಾಡಿ ಯಾವ ಲೈನಿಗೆ ಹೋಗಬೇಕೋ ಆ ಕಡೆಗೆ ಹಳಿ ತಿರುಗಿಸುವವರು.

ಬೇರೆ ಮಾವಂದಿರು ಹೊಸ ಸೊಸೆಗೆ ಹೊಲ, ಹಿತ್ತಿಲು ತೋರಿಸುತ್ತಾರೆ. ನಮ್ಮ ಮಾವ ನನ್ನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ ಪಾಯಿಂಟ್ ತೋರಿಸಿದರು. ಒಂದು ಲೈನು ಎರಡಾಗಿ ಕವಲೊಡೆಯುವ ಜಾಗ ಅದು. ಅಲ್ಲಿ ಚೂಪು ಮಾಡಿದ ಒಂದು ಹಳಿ, ಲಿವರ್ ಎಳೆದರೆ ಸರಿದು ಪಕ್ಕದ ಹಳಿಗೆ ಅಂಟಿಕೊಳ್ಳುತ್ತದೆ. ಮಾವ ಅದನ್ನು ನಾಲಿಗೆ ಅನ್ನುತ್ತಿದ್ದರು.

"ನೋಡು ಕೂಸೇ, ಕೈಮರದ ಕೈ ಅಡ್ಡಕ್ಕಿದ್ರೆ ಗಾಡಿ ನಿಲ್ಬೇಕು, ಕೆಳಕ್ಕೆ ಬಗ್ಗಿದ್ರೆ ಬರ್ಬೋದು. ಅದು ಎಲ್ರಿಗೂ ಕಾಣ್ತದೆ. ಈ ನಾಲಿಗೆ ಸಂದು ಯಾರಿಗೂ ಕಾಣಾಕಿಲ್ಲ. ಬೆರಳು ತೂರೋವಷ್ಟು ಬಾಯ್ ಬುಟ್ಕಂಡ್ರೂ ಗಾಲಿ ಒಳಿಕ್ಕೆ ಬೀಳ್ತದೆ. ಬಾಯ್ ಬುಟ್ಟ ಹಳಿ ಮನುಸ್ರ ಬಲಿ ಕೇಳ್ತದೆ ಕಣವ್ವ."

ಅಬ್ಬಾ, ಮದುವೆಯ ಅರಿಶಿನ ಮಾಸದ ಹುಡುಗಿಗೆ ಹೇಳುವ ಮಾತೇ ಅದು! ಅಂದಿನಿಂದ ಹಿಂದಿನ ಸ್ಟೇಷನ್ ಬದನಗುಪ್ಪೆ ಕಡೆಯಿಂದ ಶಿಳ್ಳೆ ಕೇಳಿದರೆ ನಾನು ಕೈಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಗಂಡ ಬಂದು ಕಾಲು ತೊಳೆಯುವ ಸದ್ದು ಕೇಳಿದ ಮೇಲೇ ತುತ್ತು ಇಳಿಯುತ್ತಿದ್ದದ್ದು.

ಲಿವರ್ ಎಳೆದ ಮೇಲೆ ಮಾವ ಪ್ರತಿಸಲವೂ ಕುಕ್ಕರಗಾಲಲ್ಲಿ ಕೂತು ಆ ಸಂದಿನ ಉದ್ದಕ್ಕೂ ಬೆರಳಾಡಿಸುತ್ತಿದ್ದರು. ಆಮೇಲೇ ಸ್ಟೇಷನ್ ಕಡೆಗೆ ಹಸಿರು ಬಾವುಟ. ಅದನ್ನು ಕಂಡ ಮೇಲೇ ಸ್ಟೇಷನ್ ಮಾಸ್ಟರು ಕೈಮರ ಇಳಿಸುವುದು. "ಕಣ್ಣು ಸುಳ್ಳೇಳ್ತದೆ, ಬೆರಳೇಳಾಕಿಲ್ಲ" ಅನ್ನುವುದು ಅವರ ಗಾದೆ. "ಕಟ್ಕೊಂಡೋಳ ಕೆನ್ನೆ ಮುಟ್ಟಿದ್ದಕ್ಕಿಂತ ಆ ಹಳಿ ಸವರಿದ್ದೇ ಜಾಸ್ತಿ" ಅಂತ ಅತ್ತೆ ಮುಖ ತಿರುವುತ್ತಿದ್ದರು.

ಆ ವರ್ಷದ ಆಯುಧಪೂಜೆ. ಮಾವ ಪಾಯಿಂಟಿಗೆ ನೀರು ಹೊಯ್ದು ತೊಳೆದು, ನಾಲಿಗೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಲಿವರಿಗೆ ಚೆಂಡುಹೂವಿನ ಹಾರ ಹಾಕಿ, ಅಲ್ಲೇ ಹಳಿಯ ಮೇಲೆ ತೆಂಗಿನಕಾಯಿ ಒಡೆದರು. ಪೂಜೆ ಮಾಡಿದ ಆಯುಧವನ್ನು ಅವತ್ತು ಮುಟ್ಟಬಾರದು ಅನ್ನುವುದು ನಮ್ಮ ಕಡೆ ಪದ್ಧತಿ. ಆದರೆ ರೈಲಿಗೆ ಯಾವ ಹಬ್ಬ? ಮೈಸೂರಿನ ಗಾಡಿ ಬರುವ ಹೊತ್ತಾಯಿತು. ವಿಧಿಯಿಲ್ಲದೆ ಮಾವ ಕೈಮುಗಿದು ಲಿವರ್ ಎಳೆದರು. ಆದರೆ ಕುಂಕುಮ ಇಟ್ಟ ನಾಲಿಗೆಯ ಮೇಲೆ ಬೆರಳಾಡಿಸಿ ಪೂಜೆ ಕೆಡಿಸಲು ಮನಸ್ಸು ಬರಲಿಲ್ಲ. ಕಣ್ಣಲ್ಲೇ ನೋಡಿ ಹಸಿರು ಬಾವುಟ ತೋರಿಸಿದರು. ಕೈಮರ ಇಳಿಯಿತು.

ನಾನು ಒಬ್ಬಟ್ಟು ತಂದು ಅವರ ಪಕ್ಕ ನಿಂತಿದ್ದೆ. ಬರುವುದು ಗಂಡನ ಗಾಡಿ, ಅವರ ಇಂಜಿನ್ನಿಗೂ ಹಾರ ಹಾಕಿರುತ್ತಾರೆ, ನೋಡೋಣ ಅನ್ನುವ ಆಸೆ ಬೇರೆ. ಅಷ್ಟರಲ್ಲಿ ಒಂದು ಕಾಗೆ ಬಂದು ಪಾಯಿಂಟಿನ ಮೇಲೆ ಕೂತಿತು. ಸಂದಿನಲ್ಲಿ ಏನನ್ನೋ ಕಚ್ಚಿ ಎಳೆಯಿತು. ಬರಲಿಲ್ಲ. ಮತ್ತೆ ಎಳೆಯಿತು. ಮಾವನ ಮುಖ ಬೂದಿಯಂತಾಯಿತು. ಒಡೆದ ಕಾಯಿಯ ಚಿಪ್ಪಿನ ಚೂರು ನಾಲಿಗೆಗೂ ಹಳಿಗೂ ನಡುವೆ ಸಿಕ್ಕಿಕೊಂಡಿತ್ತು. ಹಳಿ ಬಾಯಿ ಬಿಟ್ಟಿತ್ತು. ಗಾಡಿಯ ಶಿಳ್ಳೆ ಆಗಲೇ ಕೇಳಿಸಿತು.

"ಓಡು ಕೂಸೇ! ಅಡ್ಡ ಓಗಿ ಬೀಸು!" ಅಂತ ಕೆಂಪು ಬಾವುಟ ನನ್ನ ಕೈಗೆ ತುರುಕಿದರು. ಸೆರಗು ಎಲ್ಲಿತ್ತೋ, ಕಾಲು ಎಲ್ಲಿ ಬಿತ್ತೋ. ಇಂಜಿನ್ನಿಗೆ ಎದುರಾಗಿ ಬಾವುಟ ಬೀಸುತ್ತ ಓಡಿದೆ. ಬಾವುಟ ಕಂಡರೂ ಗಾಡಿ ತಕ್ಷಣ ನಿಲ್ಲುವುದಿಲ್ಲ ಅಂತ ಮಾವನಿಗೆ ಗೊತ್ತು. ಎಡಗೈಲಿ ಲಿವರ್ ಎತ್ತಿ ಹಿಡಿದು ನಾಲಿಗೆ ಸಡಿಲಿಸಿ, ಬಾಗಿ, ಬಲಗೈ ಸಂದಿಗೆ ತೂರಿಸಿ ಚೂರು ಕಿತ್ತರು. ಲಿವರ್ ಜಾರಿತು. ನಾಲಿಗೆ ಅವರ ಬೆರಳುಗಳ ಮೇಲೆ ಮುಚ್ಚಿಕೊಂಡಿತು.

ಹಳಿ ಕಿರುಗುಟ್ಟುತ್ತ ಇಂಜಿನ್ನು ನನ್ನನ್ನು ದಾಟಿ ಹೋಗಿ ಪಾಯಿಂಟಿನ ಹತ್ತಿರ ನಿಂತಿತು. ನನ್ನ ಗಂಡ ಹಾರಿ ಇಳಿದು ಓಡಿ ಬಂದು ಲಿವರ್ ಎತ್ತಿ ಅಪ್ಪನ ಕೈ ಬಿಡಿಸಿದರು. ನಾನು ಕಿರುಚುತ್ತಿದ್ದೆ. ಮಾವ ಕಿರುಚಲಿಲ್ಲ. ಮಗನ ಕೈಲಿ ಲಿವರ್ ಮತ್ತೆ ಕೆಳಗಿಳಿಸಿ, ರಕ್ತ ಸುರಿಯುವ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈ ಬೆರಳನ್ನು ಸಂದಿನ ಉದ್ದಕ್ಕೂ ಆಡಿಸಿದರು. "ಈಗ ಮುಚ್ಕಂಡದೆ. ಓಗ್ಲಾ, ಗಾಡಿ ತಕ್ಕಂಡು ಓಗು" ಅಂದರು. ಆಮೇಲೇ ಬಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಸ್ಟೇಷನ್ನಿನವರೆಲ್ಲ ಹಾರ ತಂದರು. ಮಾವ ಕುತ್ತಿಗೆ ಕೊಡಲಿಲ್ಲ. "ಕಾಯಿ ಒಡ್ದೋನೂ ನಾನೇ, ಕೈ ಮಡಗ್ದೆ ಬಾವುಟ ತೋರ್ಸ್ದೋನೂ ನಾನೇ. ನನ್ ಮಗನ್ನೇ ತಿನ್ತಿತ್ತಲ್ರಪ್ಪಾ ಅದು" ಅಂತ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕಾಯಿ ಒಡೆಯಲಿಲ್ಲ.

ಎಷ್ಟೋ ವರ್ಷದ ಮೇಲೆ ಮಾವ ಹಾಸಿಗೆ ಹಿಡಿದರು. ಮಾತು ತೀರಾ ಅಪರೂಪವಾಗಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಆ ಎರಡು ಬೆರಳು ಮಂಚಕ್ಕೂ ಗೋಡೆಗೂ ನಡುವಿನ ಸಂದಿನಲ್ಲಿ ಆಡುತ್ತಿವೆ. ಕಣ್ಣಲ್ಲಿ ಅವತ್ತಿನದೇ ಭಯ.

"ಮುಚ್ಕಂಡದ, ಕೂಸೇ?"

ಅವರ ಹತ್ತಿರ ಬಾಯಿಮಾತಿಗೆ ಹೂಂ ಅನ್ನಲು ನನ್ನಿಂದಾಗಲಿಲ್ಲ. ಗಂಡನಿಗೆ ಸನ್ನೆ ಮಾಡಿದೆ. ಇಬ್ಬರೂ ಸೇರಿ ಮಂಚವನ್ನು ಗೋಡೆಗೆ ಒತ್ತಿ ಸರಿಸಿದೆವು. ಉದ್ದಕ್ಕೂ ಬೆರಳಾಡಿಸಿ ನೋಡಿದೆ.

"ಮುಚ್ಕಂಡದೆ, ಮಾವ. ನಾನೇ ಕೈ ಮಡಗಿ ನೋಡ್ದೆ."

ಕಾಲ ಬಳಿ ನಿಂತಿದ್ದ ಮಗನನ್ನು ಒಂದು ಸಲ ನೋಡಿದರು.

"ಅಂಗಾರೆ ಗಾಡಿ ಬುಡು" ಅಂದರು. ಕಣ್ಣು ಮುಚ್ಚಿಕೊಂಡರು.