ಡೋರ್ ಲಾಕ್ ಎಂದು ಒತ್ತಿದ ಮಧ್ಯಾಹ್ನಗಳು

ಹತ್ತು ಗಂಟೆಗೆ ಕರೆಂಟ್ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಹೇಳಿದ್ದರು. ಹಾಗಾಗಿ ಆ ಬೆಳಿಗ್ಗೆ ನನ್ನ ಕೆಲಸಗಳೆಲ್ಲ ಒಂದು ಗಂಟೆ ಮೊದಲೇ ಶುರುವಾದವು. ರಂಗೋಲಿ ಹಾಕಿ, ಹಾಲು ಕಾಯಲಿಟ್ಟು, ದೋಸೆಗೆ ಚಟ್ನಿ ರುಬ್ಬಿದೆ. ಮಧ್ಯಾಹ್ನದ ಹುಳಿಗೆ ಬೇಕಾದ ಕಾಯಿಯನ್ನೂ ಅದೇ ಜಾರಿನಲ್ಲಿ ತಿರುವಿಟ್ಟೆ. ಮೋಟರ್ ಹಾಕಿ ಟ್ಯಾಂಕ್ ತುಂಬಿಸಿದೆ. ಯಜಮಾನರು ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೊರಡುತ್ತಾ, "ಹೊಸ ಮೀಟರ್ ಬಂದ್ಮೇಲೆ ನಿನಗೆ ಆರಾಮ. ಯಾರೂ ಬಂದು ಗೇಟ್ ಬಡಿಯಲ್ಲ" ಎಂದರು.

ನಾನು ಅವರ ಊಟದ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಅದು ಸರಿಯಾಗಿಯೇ ಕೂತಿತ್ತು. ಆದರೂ ಇನ್ನೊಮ್ಮೆ ಒತ್ತಿದೆ.

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಮೀಟರ್ ಇರುವುದು ಪೋರ್ಟಿಕೋದ ಗೋಡೆಯ ಮೇಲೆ, ಗ್ರಿಲ್ಲಿನ ಒಳಗೆ. ಗ್ರಿಲ್ಲಿಗೆ ಹಗಲೂ ಬೀಗ ಹಾಕಿರುತ್ತೇನೆ. ತಿಂಗಳಿಗೊಮ್ಮೆ ಮೀಟರ್ ನೋಡುವವರು ಬಂದು "ಮೀಟರ್ರಮ್ಮಾ" ಎಂದು ಕೂಗಬೇಕು, ನಾನು ಹೋಗಿ ಬೀಗ ತೆಗೆಯಬೇಕು. ಅವರು ಊರಿನ ಇನ್ನೊಂದು ತುದಿಯ ಕೆಸರೆಯಿಂದ ಹಳೆಯ ಬೈಕಿನಲ್ಲಿ ಬರುತ್ತಿದ್ದರು. ಐವತ್ತು ದಾಟಿದವರು, ಹೆಲ್ಮೆಟ್ಟಿನ ಒಳಗೆ ಸದಾ ಒಂದು ಮಡಿಸಿದ ಕರ್ಚೀಫು. ನಮ್ಮ ಬೀದಿಗೆ ಬರುವ ಹೊತ್ತಿಗೆ ಎರಡೂವರೆ ಆಗಿರುತ್ತಿತ್ತು. ದಿನದಲ್ಲಿ ಅದೊಂದು ಹೊತ್ತು ಮಾತ್ರ ನನ್ನದು. ಪಾತ್ರೆ ತೊಳೆದಿಟ್ಟು, ನೈಟಿ ಹಾಕಿಕೊಂಡು, ಫ್ಯಾನಿನ ಕೆಳಗೆ ವಾರಪತ್ರಿಕೆ ಹಿಡಿದು ಮಲಗುವ ಹೊತ್ತು.

ಕೆಲವು ತಿಂಗಳು ಎದ್ದು ಹೋಗಿ ಬೀಗ ತೆಗೆದಿದ್ದೇನೆ. ಕೆಲವು ತಿಂಗಳು ಏಳಲಿಲ್ಲ. ಪುಟ ಮಗುಚಿದರೆ ಸದ್ದಾದೀತೆಂದು ಹಾಗೇ ಹಿಡಿದುಕೊಂಡು ಮಲಗಿರುತ್ತಿದ್ದೆ. ಮೂರು ಸಲ ಕೂಗು, ಆಮೇಲೆ ಅವರ ಕೈಯಲ್ಲಿದ್ದ ಪುಟ್ಟ ಯಂತ್ರ ಕಿರ್ರೆಂದು ಚೀಟಿ ಹೊರಹಾಕುವ ಸದ್ದು. ಸಂಜೆ ಗ್ರಿಲ್ಲಿಗೆ ಸಿಕ್ಕಿಸಿದ ಚೀಟಿಯಲ್ಲಿ 'ಡೋರ್ ಲಾಕ್' ಎಂದಿರುತ್ತಿತ್ತು. ಬೀಗ ಹಾಕಿತ್ತು, ಮೀಟರ್ ನೋಡಲಾಗಲಿಲ್ಲ, ಬಿಲ್ಲು ಅಂದಾಜಿನದು ಎಂದು ಅದರ ಅರ್ಥ.

ಒಮ್ಮೆ ಯಜಮಾನರು ಚೀಟಿ ನೋಡಿ, "ನೀನು ಮನೇಲೇ ಇದ್ಯಲ್ಲ?" ಎಂದು ಕೇಳಿದರು.

"ಅವರು ಕೂಗಲೇ ಇಲ್ಲ ರೀ. ಸುಮ್ನೆ ಚೀಟಿ ಸಿಕ್ಕಿಸಿ ಹೋಗಿದ್ದಾರೆ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅದು ಮನೆಯೊಳಗಿನ ಸುಳ್ಳಾಗಿಯೇ ಉಳಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕೆಲವು ತಿಂಗಳ ನಂತರ ಎದುರು ಮನೆಯಾಕೆ ಬಂದರು. ನಮ್ಮ ಬೀದಿಯ ಸಂಘದ ಕಾರ್ಯದರ್ಶಿ ಅವರೇ. "ತಾನೇ ಲೆಕ್ಕ ಕಳಿಸೋ ಮೀಟರ್ ಬಂದಿದ್ಯಂತೆ ಕಣ್ರೀ. ನಮ್ ಬೀದಿಗೇ ಮೊದ್ಲು ಹಾಕ್ಲಿ ಅಂತ ಒಂದು ಅರ್ಜಿ ಬರ್ಕೊಡಿ. ಇಂಗ್ಲಿಷಲ್ಲಿದ್ರೆ ಬೇಗ ಓದ್ತಾರೆ. ನೀವು ಕಾನ್ವೆಂಟು" ಎಂದರು.

ಶಾಲೆಯಲ್ಲಿ ನಮ್ಮ ಸಿಸ್ಟರ್, ಅರ್ಜಿಗೆ ಒಂದು ಕಾರಣವಿರಬೇಕು, ಕಾರಣಕ್ಕೆ ತೂಕವಿರಬೇಕು ಎನ್ನುತ್ತಿದ್ದರು. ನಾನು ಬರೆದ ಅರ್ಜಿಯಲ್ಲಿ ವಿನಯವಿತ್ತು, ತೂಕವಿರಲಿಲ್ಲ. ಅದಕ್ಕೇ ಎರಡು ಸಾಲು ಸೇರಿಸಿದೆ: ಮೀಟರ್ ನೋಡುವವರು ಮನೆಯವರನ್ನು ಕೂಗುವುದೇ ಇಲ್ಲ, ಹ್ಯಾಬಿಚುಯಲಿ ಡೋರ್ ಲಾಕ್ ಎಂದು ಒತ್ತಿ ಹೋಗುತ್ತಾರೆ. ಆ 'ಹ್ಯಾಬಿಚುಯಲಿ' ಸಿಕ್ಕಿದಾಗ ನನಗೆ ಖುಷಿಯಾಗಿತ್ತು. ಶಾಲೆ ಬಿಟ್ಟ ಮೇಲೆ ಆ ಪದವನ್ನು ಬಳಸುವ ಸಂದರ್ಭವೇ ಬಂದಿರಲಿಲ್ಲ. ಎದುರು ಮನೆಯಾಕೆ ಅರ್ಜಿಯನ್ನು ಟೈಪ್ ಮಾಡಿಸಿ, ಸಂಘದ ಹೆಸರಿನಲ್ಲಿ ಕೊಟ್ಟರು.

ಕರೆಂಟ್ ತೆಗೆದ ಆ ದಿನ ಹೊಸ ಮೀಟರ್ ಕೂರಿಸಲು ಇಬ್ಬರು ಬಂದರು. ಅವರ ಹಿಂದೆ ನಮ್ಮ ಮೀಟರಿನವರೂ ಬಂದರು, ಹಳೆಯದರ ಕೊನೆಯ ಅಂಕಿ ಬರೆದುಕೊಳ್ಳಲು. ಹತ್ತೇ ನಿಮಿಷದ ಕೆಲಸ. "ಒಳಗೆ ಸಿಮ್ ಐತೆ ಮೇಡಂ, ಮೊಬೈಲ್ ಥರಾನೇ. ಆಫೀಸಿಗೆ ತಾನೇ ಹೇಳ್ಬುಡುತ್ತೆ" ಎಂದು ಕೂರಿಸುವವರಲ್ಲಿ ಒಬ್ಬರು ವಿವರಿಸಿದರು.

"ನನ್ ಕಾಲೂ ಗಂಟ್ಲೂ ಎರಡೂ ಅದ್ರೊಳಗೆ ಹಾಕ್ಬುಟ್ಟವ್ರೆ ಕಣಮ್ಮ" ಎಂದು ಮೀಟರಿನವರು ನಕ್ಕರು.

ಅವರಿಬ್ಬರು ಪಕ್ಕದ ಮನೆಗೆ ಹೋದ ಮೇಲೆ ಇವರು ಮೆಟ್ಟಿಲ ಮೇಲೆ ಕೂತರು. ಮಜ್ಜಿಗೆ ಕೊಟ್ಟೆ. ಕುಡಿದು, ಲೋಟವನ್ನು ಬೋರಲು ಇಟ್ಟು, ಜೇಬಿನಿಂದ ಒಂದು ಕಾಗದ ತೆಗೆದರು.

"ಅಮ್ಮ, ನೀವು ಇಂಗ್ಲಿಷ್ ಓದಿರೋರು ಅಂತ ಎದುರು ಮನೆಯೋರು ಹೇಳ್ತಿದ್ರು. ಸಿಗ್ನಲ್ ಸಿಗದ ಮನೆಗಳ್ನ ನೋಡೋಕೆ ಹಳಬ್ರಲ್ಲಿ ಇಬ್ಬರನ್ನ ಇಟ್ಕೋತಾರಂತೆ. ಆ ಪಟ್ಟೀಲಿ ನನ್ ಹೆಸ್ರೂ ಇತ್ತು. ಯಾರೋ ಹಿಂಗೆ ದೂರು ಕೊಟ್ಟವ್ರೆ. ಇವತ್ತು ನಾಲ್ಕು ಗಂಟೆ ಒಳಗೆ ಉತ್ತರ ಬರ್ದು ಕೊಡ್ಬೇಕು. ಇಲ್ದಿದ್ರೆ ಈ ತಿಂಗ್ಳಿಗೇ ಮನೆಗೆ."

ನೋಟೀಸಿನ ಕೆಳಗೆ ಆ ಎರಡು ಸಾಲನ್ನಷ್ಟೇ ನಕಲು ಮಾಡಿ ಅಂಟಿಸಿದ್ದರು. ಯಾರ ಹೆಸರೂ ಇರಲಿಲ್ಲ. ನಾನು ಹಾಕಿದ್ದ ಅರ್ಧವಿರಾಮ ಮಾತ್ರ ಅಲ್ಲೇ ಇತ್ತು.

"ಇದೊಂದು ಪದ ತಿಳೀಲಿಲ್ಲ." ಅವರ ಬೆರಳು ಹ್ಯಾಬಿಚುಯಲಿಯ ಮೇಲೆ ನಿಂತಿತು. "ಫೋನಲ್ಲಿ ಹಾಕ್ದೆ, ವಾಡಿಕೆಯಂತೆ ಅಂತ ಬಂತು. ವಾಡಿಕೆಯಂತೆ ಡೋರ್ ಲಾಕ್ ಅಂದ್ರೇನಮ್ಮ, ಮದುವೇಲಿ ಶಾಸ್ತ್ರ ಮಾಡ್ದಂಗಾ?"

ಅದರ ಅರ್ಥ ಚಾಳಿ ಎಂದು. ಕೆಟ್ಟ ಚಾಳಿ. ಅವರ ಮುಖ ನೋಡಿಕೊಂಡು ಆ ಪದವನ್ನು ಆಡಲಾಗಲಿಲ್ಲ. "ಆಗಾಗ ಅಂತ" ಎಂದೆ.

"ಅಷ್ಟೇನಾ." ಅವರ ಹೆಗಲು ಇಳಿಯಿತು. "ಆಗಾಗ ಆಗಿದೆಯಮ್ಮ, ಸುಳ್ಳ್ಯಾಕೆ? ಬೀಗ ಹಾಕಿದ್ರೂ ಮೀಟರ್ ಲೈಟು ಬೇಗ್ ಬೇಗ ಮಿಟುಕ್ತಿದ್ರೆ ಒಳಗೆ ಜನ ಅವ್ರೆ ಅಂತ ಗೊತ್ತಾಗ್ಬುಡುತ್ತೆ. ಲೈಟ್ ಕಾಣುತ್ತೆ, ನಂಬರ್ ಕಾಣಲ್ಲ. ಒಂದೆರಡು ಮನೇಲಿ, ಪಾಪ ಮಲಗವ್ರೆ ಅಂದ್ಕೊಂಡು, ಈಚೀಚೆಗೆ ಕೂಗದಂಗೇ ಒತ್ಬುಟ್ಟಿದೀನಿ."

ಯಾವ ಮನೆ ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಬಿಳಿ ಹಾಳೆ ಕೇಳಿದರು, ತಂದುಕೊಟ್ಟೆ. ನನ್ನ ಪೆನ್ನಿನಲ್ಲೇ, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಕನ್ನಡದಲ್ಲಿ ಬರೆದರು: 'ದೂರಿನಲ್ಲಿ ಹೇಳಿರುವಂತೆ ಆಗಾಗ ಆಗಿರುವುದು ನಿಜ. ಕ್ಷಮಿಸಬೇಕು.' ದುಂಡಗಿನ ಅಕ್ಷರ. ಬೇಡ, ಹಾಗೆ ಒಪ್ಪಿಕೊಳ್ಳಬೇಡಿ, ಅದು ಆಗಾಗ ಅಲ್ಲ, ಚಾಳಿ, ಅದನ್ನು ಬರೆದವಳು ನಾನು ಎಂದು ಹೇಳಲು ಅವರು ಸಹಿ ಹಾಕಿ ಮುಗಿಸುವಷ್ಟು ಸಮಯವಿತ್ತು. "ಇನ್ನೊಂದು ಲೋಟ ಮಜ್ಜಿಗೆ?" ಎಂದು ಕೇಳಿದೆ.

"ಸಾಕಮ್ಮ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದು ಹೆಲ್ಮೆಟ್ ಏರಿಸಿಕೊಂಡು ಹೋದರು. ಬೋರಲು ಇಟ್ಟಿದ್ದ ಲೋಟವನ್ನು ಒಳಗೆ ತಂದಿಟ್ಟೆ.

ಎರಡೂವರೆಗೆ ಫ್ಯಾನ್ ಹಾಕಿ ಮಲಗಿದೆ. ಪೋರ್ಟಿಕೋದಲ್ಲಿ ಹೊಸ ಮೀಟರ್ ಸದ್ದಿಲ್ಲದೆ ಮಿಟುಕುತ್ತಿತ್ತು. ಮನೆಯಲ್ಲಿ ಜನ ಇದ್ದಾರೆ ಎಂದು ಅದು ಹೇಳುತ್ತಲೇ ಇತ್ತು. ಎದ್ದು ಕೂತೆ. ಹಾಳೆ ತೆಗೆದು ಇಂಗ್ಲಿಷಿನಲ್ಲೇ ಬರೆಯತೊಡಗಿದೆ. ಮೊದಲ ಸಲ, 'ನಿವಾಸಿಗಳು ಕೆಲವೊಮ್ಮೆ ವಿಶ್ರಾಂತಿಯಲ್ಲಿದ್ದರು' ಎಂದು ಬಂತು. ಅದರಲ್ಲಿ ನಾನೇ ಇರಲಿಲ್ಲ. ಹರಿದೆ. ಎರಡನೆಯ ಸಲ, 'ನಾನು ಮನೆಯಲ್ಲಿದ್ದೆ. ಅವರು ಕೂಗಿದ್ದು ಕೇಳಿಸಿತು. ನಾನು ಬಾಗಿಲು ತೆಗೆಯಲಿಲ್ಲ' ಎಂದು ಬರೆದೆ. ಇಷ್ಟಕ್ಕೆ ದೊಡ್ಡ ಪದಗಳೇನೂ ಬೇಕಾಗಲಿಲ್ಲ. ಸಹಿ ಹಾಕಿ ಗಡಿಯಾರ ನೋಡಿದರೆ ನಾಲ್ಕೂಕಾಲು.

ಸಂಘದ ಮೂಲಕವಾದರೂ ಕೊಡೋಣವೆಂದು ಮಡಿಸಿ ಕೈಯಲ್ಲಿ ಹಿಡಿದುಕೊಂಡೆ. ಆದರೆ ಎದುರು ಮನೆಗೆ ಹೋಗಲಿಲ್ಲ. ಗಿಡಗಳಿಗೆ ನೀರು ಹಾಕಿದೆ, ಹಾಕಿದ ಗಿಡಕ್ಕೇ ಮತ್ತೆ ಹಾಕಿದೆ. ಆರು ಗಂಟೆಗೆ ಎದುರು ಮನೆಯಾಕೆಯೇ ಬಂದರು, ನಮ್ಮ ಗಿಡದ ಕರಿಬೇವಿಗೆ.

"ಆಫೀಸಿಗೆ ಫೋನ್ ಮಾಡಿದ್ದೆ ಕಣ್ರೀ, ಥ್ಯಾಂಕ್ಸ್ ಹೇಳೋಣ ಅಂತ" ಎಂದರು, ಎಳೆಯ ಕಡ್ಡಿಯನ್ನು ಹುಡುಕಿ ಮುರಿಯುತ್ತಾ. "ಆ ಮೀಟರ್ನೋರು ತಾವೇ ಒಪ್ಕೊಂಡು ಬರ್ದು ಕೊಟ್ಬುಟ್ರಂತೆ. ಪಟ್ಟಿಯಿಂದ ಹೆಸ್ರು ತೆಗೆದ್ರಂತೆ. ಪಾಪ, ಸುಳ್ಳು ಹೇಳೋಕೆ ಬರೋಲ್ಲ ಅಂತ ಕಾಣುತ್ತೆ ಆ ಮನುಷ್ಯಂಗೆ."