ಮೊದಲು ದಾಟುತ್ತಿದ್ದ ಮೈದುನ

ನನ್ನ ಮೈದುನನ ಹಣೆಯ ಮೇಲೆ, ವಿಭೂತಿಯ ಪಟ್ಟೆಗಳ ನಡುವೆ, ಒಂದು ಗಂಟು ಸದಾ ಇರುತ್ತಿತ್ತು. ಅವನು ಆರಡಿ ಮೀರಿದ ಆಳು; ನಮ್ಮ ಅಡುಗೆಮನೆಯ ಬಾಗಿಲು ಗಿಡ್ಡ. ಸೈನ್ಯದಿಂದ ರಜೆಗೆ ಬಂದಾಗಲೆಲ್ಲ ಬಾಗುವುದನ್ನು ಮರೆತು ಹಣೆ ಬಡಿಸಿಕೊಳ್ಳುತ್ತಿದ್ದ. "ವೈನಿ, ಈ ಮನಿ ನನ್ನ ಮರತೈತ್ರಿ" ಎಂದು ನಗುತ್ತಿದ್ದ.

ನಾನು ಗೋಕಾಕದಿಂದ ಘೋಡಗೇರಿಗೆ ಸೊಸೆಯಾಗಿ ಬಂದಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲ ದಿನ ಮಾಡಿದವೆಲ್ಲ ಹರಿದವು. ಅತ್ತೆ ಬುಟ್ಟಿಯತ್ತ ನೋಡಿ ಏನೋ ಅನ್ನುವ ಮೊದಲೇ ಅವನು ನಾಲ್ಕೈದು ರೊಟ್ಟಿಗಳನ್ನು ತಾಟಿಗೆ ಎಳೆದುಕೊಂಡ.

"ಅವ್ವಾ, ಹರಕ ರೊಟ್ಟಿ ಪಲ್ಯಾ ಚಲೋ ಹಿಡಿತಾವ. ನನಗ ಇಂಥಾವ ಬೇಕ."

ನನ್ನ ಕೈ ಪಳಗುವವರೆಗೂ ಹರಿದ ರೊಟ್ಟಿಗಳನ್ನೆಲ್ಲ ಅವನೇ ತಿಂದ. ಆ ಮನೆಯಲ್ಲಿ ನಾನು ಕಾಲೂರಿ ನಿಂತದ್ದು ಅವನಿಂದ.

ಸೈನ್ಯದಲ್ಲಿ ಅವನು ಎಂಜಿನಿಯರ್ ದಳದವನು. ರಸ್ತೆ, ಸೇತುವೆ ಕಟ್ಟುವುದು, ನೆಲದಲ್ಲಿ ಹೂತಿಟ್ಟ ಬಾಂಬು ಹುಡುಕಿ ತೆಗೆಯುವುದು ಅವರ ಕೆಲಸ. ಕೇಳಿದವರಿಗೆ ಮಾತ್ರ, "ಮಂದಿ ದಾಟೂ ಹಂಗ ಮಾಡೂದ್ರಿ" ಎನ್ನುತ್ತಿದ್ದ. ಒಂದು ಮಳೆಗಾಲ ಅವನು ರಜೆಯಲ್ಲಿದ್ದಾಗ ಊರ ಹಳ್ಳದ ಕಾಲುಸೇತುವೆ ಕೊಚ್ಚಿಹೋಯಿತು. ಮಕ್ಕಳು ಶಾಲೆಗೆ ಹೋಗುವುದು ನಿಂತಿತು. ಊರ ಹುಡುಗರನ್ನು ಕಟ್ಟಿಕೊಂಡು, ಎದೆಮಟ್ಟದ ನೀರಿನಲ್ಲಿ ನಿಂತು, ಹಳೆಯ ಕಬ್ಬಿಣದ ಕಂಬಗಳನ್ನು ಅಡ್ಡಹಾಕಿ ಹಲಗೆ ಬಿಗಿದ. ಮುಗಿದಾಗ ಮಕ್ಕಳು ಓಡಿಬಂದವು. ಕೈ ಅಡ್ಡ ಹಿಡಿದ.

"ತಡೀರಿ. ಮೊದ್ಲ ನಾ ದಾಟತೇನಿ."

ನಡುಮಧ್ಯೆ ನಿಂತು ಕುಪ್ಪಳಿಸಿ ನೋಡಿದ. ಆಮೇಲೇ ಅವರನ್ನು ಬಿಟ್ಟದ್ದು.

ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋದಾಗ ಅವನಿಗೆ ಇಪ್ಪತ್ತಾರು. ಯುದ್ಧಕ್ಕಲ್ಲ, ರಸ್ತೆ ರಿಪೇರಿಗೆ ತಾನೇ ಎಂದು ನಾವು ಸಮಾಧಾನದಿಂದಿದ್ದೆವು. ಅಲ್ಲೊಂದು ಹಳ್ಳಿಯ ದಾರಿಯನ್ನು ಅವರ ತಂಡ ಸರಿಪಡಿಸಿತ್ತು. ಸಂತೆಗೆ ಹೊರಟ ಹೆಂಗಸರು ಕಾಯುತ್ತಿದ್ದರಂತೆ. ಅವರನ್ನು ತಡೆದು ಇವನು ಮುಂದೆ ನಡೆದ. ಕಣ್ತಪ್ಪಿ ಉಳಿದಿದ್ದ ಒಂದು ಬಾಂಬು ಅವನ ಕಾಲ ಕೆಳಗೇ ಸಿಡಿಯಿತು.

ಹುಕ್ಕೇರಿಯಿಂದ ಊರಿನವರೆಗೆ ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ಮುಚ್ಚಿ ಭದ್ರ ಮಾಡಿದ ಪೆಟ್ಟಿಗೆ ಅಂಗಳಕ್ಕೆ ಬಂತು. ಜೊತೆಗೆ ಬಂದ ಅಧಿಕಾರಿ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ತೆರೆಯಬೇಡಿ ಎಂದರು. ಗಂಡ ಬಂದು ನನ್ನ ಕಿವಿಯಲ್ಲಿ ಅಷ್ಟನ್ನೇ ಹೇಳಿದ; ಅತ್ತೆಗೆ ಹೇಳುವುದು ನನ್ನ ಪಾಲಿಗೆ ಬಂತು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಪೆಟ್ಟಿಗೆ ತೆರೆಯುವಂತಿಲ್ಲ ಎಂದು ಅತ್ತೆಗೆ ಹೇಳಿದೆ.

"ಮುಖಾ ತೋರಸಬ್ಯಾಡ್ರಿ, ಆತು. ಕುಂಡ್ರಸರೆ ಕುಂಡ್ರಸ್ರಿ ನನ್ನ ಮಗನ್ನ."

"ಆಗಂಗಿಲ್ರಿ, ಅತ್ತಿ."

"ಯಾಕ? ಕುಂಡ್ರೂವಷ್ಟೂ ಉಳದಿಲ್ಲೇನ ಅಂವಾ?"

ಸ್ವಾಮಿಗಳು ಪೆಟ್ಟಿಗೆಯ ಮೇಲೆಯೇ ಬಿಲ್ವಪತ್ರೆ ಇಟ್ಟರು. ಸೈನಿಕರು ಆಕಾಶಕ್ಕೆ ಗುಂಡು ಹಾರಿಸಿದರು. ಅವನನ್ನು ಮಲಗಿದಂತೆಯೇ ಕುಣಿಗೆ ಇಳಿಸಿದೆವು.

ಅಂದಿನಿಂದ ಅತ್ತೆ ಹಾಸಿಗೆ ಹಾಸಿಕೊಂಡಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಕೂತಲ್ಲೇ ಕಣ್ಣು ಮುಚ್ಚುತ್ತಾರೆ. ಮಲಗಿರೆಂದರೆ, "ಅವನ ಬದಲಿ ನಾ ಕುಂತೇನಿ, ಬಿಡವಾ" ಎನ್ನುತ್ತಾರೆ. ನಾನೀಗ ಹೇಳುವುದನ್ನು ಬಿಟ್ಟಿದ್ದೇನೆ. ಅವರ ಬೆನ್ನಿಗೊಂದು ದಿಂಬು ಆನಿಸಿ ಬರುತ್ತೇನೆ.