ಗೋಡೆಯ ತೆಂಗಿಗೆ ನುಸಿ ಹತ್ತಿದ ದಿನ

ನಾನು ಚಿಕ್ಕವನಿದ್ದಾಗ ಎಂದು ಬಾಯಿ ತೆರೆದರೆ ಸಾಕು, ನೀವಿಬ್ಬರೂ ಮೆಲ್ಲಗೆ ಎದ್ದು ಹೊರಡುತ್ತೀರಿ. ಆ ಕತೆಗಳೆಲ್ಲ ನಿಮಗೆ ಬಾಯಿಪಾಠವಾಗಿವೆ, ನಿಮ್ಮ ತಪ್ಪೇನಿಲ್ಲ. ಅದಕ್ಕೇ ಈ ಸಲ ನಿಮ್ಮಮ್ಮ ಚಿಕ್ಕವಳಿದ್ದಾಗಿನ ಒಂದು ದಿನದ ವಿಷಯ ಹೇಳುತ್ತೇನೆ. ಅವಳಿಗೆ ಆಗ ಎಂಟೋ ಒಂಬತ್ತೋ ಇರಬೇಕು. ನನ್ನ ತಲೆಯ ಮೇಲೂ ಒಂದಿಷ್ಟು ಕೂದಲಿತ್ತು.

ನಾವು ಆಗ ತಿಪಟೂರಿನ ಹತ್ತಿರ ಬಿಳಿಗೆರೆಯಲ್ಲಿದ್ದೆವು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂತೆಂದರೆ ಲೆಕ್ಕದ ಮೇಷ್ಟ್ರು ನನ್ನ ಪೀರಿಯಡ್ಡನ್ನು ಕೇಳಿ ಪಡೆಯುತ್ತಿದ್ದರು. ನಾನೂ ಜಗಳವಾಡದೆ ಕೊಟ್ಟುಬಿಡುತ್ತಿದ್ದೆ. ಆ ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತು ಎದುರಿನ ತೋಟ ನೋಡಬಹುದಿತ್ತು. ತೆಂಗಿನ ತೋಟದಲ್ಲಿ ಬಿಸಿಲು ಒಂದು ಕಡೆ ನಿಲ್ಲುವುದಿಲ್ಲ. ಮೇಲೆ ಗರಿ ಅಲ್ಲಾಡಿದರೆ ಕೆಳಗೆ ನೆಲವೇ ಅಲ್ಲಾಡಿದ ಹಾಗೆ ಕಾಣುತ್ತದೆ. ಅದನ್ನು ಹಾಳೆಯ ಮೇಲೆ ಹಿಡಿಯುವುದಕ್ಕೆ ವರ್ಷಗಟ್ಟಲೆ ಒದ್ದಾಡಿದೆ. ಇವತ್ತಿಗೂ ಅದು ನನ್ನ ಕೈಗೆ ಸಿಕ್ಕಿಲ್ಲ.

ಮನೆಯಲ್ಲಿ ನನ್ನ ಬಣ್ಣಗಳೆಲ್ಲ ತೆಂಗಿನ ಕರಟಗಳಲ್ಲಿ ಇರುತ್ತಿದ್ದವು. ಬಣ್ಣದ ಪುಡಿಗೆ ಗೋಂದಿನ ನೀರು ಹಾಕಿ ಕಲಸಿದರೆ ಇಡೀ ನಡುಮನೆ ಒಂದು ಥರಾ ಹುಳಿ ವಾಸನೆ ಬರುತ್ತಿತ್ತು. ಒಳ್ಳೆಯ ಆಕಾರದ ಕರಟ ಕಂಡರೆ ಒಲೆಯ ಮುಂದಿನಿಂದಲೂ ಎತ್ತಿಕೊಂಡು ಬರುತ್ತಿದ್ದೆ. ನಿಮ್ಮಜ್ಜಿ, "ಒಲೆಗೂ ಒಂದಾದ್ರೂ ಬುಡ್ರೀ" ಎನ್ನುತ್ತಿದ್ದಳು. ನಾನು ಕೇಳಿಸದವನ ಹಾಗೆ ಇರುತ್ತಿದ್ದೆ.

ಚಿತ್ರ ಬರೆಯುವುದರಲ್ಲಿ ನನ್ನದು ಒಂದೇ ಹಟ. ಎದುರಿಗೆ ಇಟ್ಟುಕೊಂಡು, ಕಣ್ಣಾರೆ ನೋಡಿ ಬರೆಯಬೇಕು. ಯಾವ ಮಗು ಹಾಳೆ ತಂದು ತೋರಿಸಿದರೂ, "ಇದು ನೋಡಿ ಬರೆದಿದ್ದಾ, ನೋಡ್ದೆ ಬರೆದಿದ್ದಾ?" ಎಂದು ಕೇಳುತ್ತಿದ್ದೆ. ಹುಡುಗರು ನನ್ನ ಬೆನ್ನ ಹಿಂದೆ ಅದನ್ನೇ ನನ್ನ ದನಿಯಲ್ಲಿ ಹೇಳಿ ನಗುತ್ತಿದ್ದರು. ನನಗೆ ಗೊತ್ತಿತ್ತು. ಚೆನ್ನಾಗಿಯೇ ಅಣಕಿಸುತ್ತಿದ್ದರು.

ಆ ವರ್ಷ ನಮ್ಮ ಸೀಮೆಯ ತೆಂಗಿಗೆ ನುಸಿ ಬಂದಿತ್ತು. ನುಸಿ ಎಂದರೆ ಕಣ್ಣಿಗೂ ಕಾಣದ ಹುಳ. ಎಳೆಗಾಯಿಯ ತೊಟ್ಟಿನ ಅಡಿ ಸೇರಿಕೊಂಡು ರಸ ಹೀರುತ್ತದೆ. ಕಾಯಿ ಬಲಿತ ಹಾಗೆ ತೊಟ್ಟಿನಿಂದ ಕೆಳಕ್ಕೆ ಕಂದು ಕಲೆ ಇಳಿಯುತ್ತದೆ, ಸಿಪ್ಪೆ ಬಿರಿಯುತ್ತದೆ, ಕಾಯಿ ಸೊರಗುತ್ತದೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲಿ ಹೋದರೂ ಅದೇ ಮಾತು.

ಒಂದು ಸಂಜೆ ನಿಮ್ಮಮ್ಮ ತೆಂಗಿನ ಗೊನೆಯ ಚಿತ್ರ ಬರೆದು ತಂದಳು. ಚೆಂಡಿನಂಥ ಕಾಯಿಗಳು, ಬಣ್ಣದ ಪೆನ್ಸಿಲಿನ ಗಿಳಿಹಸಿರು. ನಾನು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ನೋಡದೆ ಬರೆದದ್ದು ಎಂದು ಒಪ್ಪಿಕೊಂಡಳು. ರಬ್ಬರ್ ತೆಗೆದುಕೊಂಡು ಅಷ್ಟನ್ನೂ ಅಳಿಸಿ, "ಹಿತ್ತಲಿಗೆ ಹೋಗಿ ನೋಡ್ಕೊಂಡು ಬರಿ ಮಗಾ" ಎಂದೆ. ಅವಳು ಮೂಗು ಒರೆಸಿಕೊಳ್ಳುತ್ತಾ ಹೋಗಿ ಮರದ ಬುಡದಲ್ಲಿ ಕೂತು ಮತ್ತೆ ಬರೆದಳು. ಈ ಸಲ ಕಾಯಿಗಳ ಮೇಲೆ ಕಲೆ ಇತ್ತು. ಭೇಷ್ ಎಂದು ಅದನ್ನು ಗೋಡೆಗೆ ಅಂಟಿಸಿದೆ. ಅವಳು ಮಾತ್ರ ಆ ರಾತ್ರಿ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ.

ಇದಾದ ಕೆಲವು ದಿನಕ್ಕೆ ದಂಡಿನಶಿವರದಿಂದ ಒಬ್ಬ ತೋಟದ ಯಜಮಾನರು ಹುಡುಕಿಕೊಂಡು ಬಂದರು. ಅವರ ಮಗಳ ಮದುವೆ, ಮನೆಯ ಮುಂದೆಯೇ ಚಪ್ಪರ. ಮದುವೆ ಮನೆಗೆ ಸುಣ್ಣ ಹೊಡೆಸಿ ಬಾಗಿಲ ಆಚೆ ಈಚೆ ಚಿತ್ರ ಬರೆಸುವುದು ಆಗ ನಮ್ಮ ಕಡೆಯ ರೂಢಿ. "ಒಂದು ಕಡೆ ಸುಸ್ವಾಗತ ಅಂತ ಬರೀರಿ ಮೇಷ್ಟ್ರೇ. ಇನ್ನೊಂದು ಕಡೆ ಗೊನೆ ತುಂಬಿದ ತೆಂಗಿನ ಮರ. ಬೀಗರು ಒಳಕ್ಕೆ ಕಾಲಿಡೋವಾಗ ಮೊದಲು ಅದೇ ಕಾಣಬೇಕು" ಎಂದರು.

ಬೀಗರು ಬರುವ ಹಿಂದಿನ ದಿನ ಭಾನುವಾರ. ನಾನೂ ನಿಮ್ಮಮ್ಮನೂ ಚೀಲದಲ್ಲಿ ಕರಟಗಳನ್ನು ತುಂಬಿಕೊಂಡು ಬೆಳಗಿನ ಬಸ್ಸು ಹತ್ತಿದೆವು. ನಾವು ಹೋಗುವ ಹೊತ್ತಿಗೆ ಯಜಮಾನರು ಸಾಮಾನು ತರಲು ತಿಪಟೂರಿಗೆ ಹೊರಟುಹೋಗಿದ್ದರು. ನಾನು ಮೊದಲು ಅವರ ತೋಟಕ್ಕೆ ಹೋಗಿ, ಮುಂದಿನ ಸಾಲಿನ ಒಂದು ಮರದ ಎದುರು ಕೂತು ಗೊನೆಯನ್ನು ಹಾಳೆಗೆ ಇಳಿಸಿಕೊಂಡೆ. ಆಮೇಲೆ ಏಣಿ ಹಾಕಿಸಿ ಗೋಡೆಯ ಕೆಲಸಕ್ಕೆ ನಿಂತೆ.

ಕೈ ಅವತ್ತು ಹೇಳಿದ ಹಾಗೆ ಕೇಳುತ್ತಿತ್ತು. ಕಾಯಿಯ ಮೇಲಿನ ಆ ಕಂದು ಮಾತ್ರ ಬಹಳ ಹೊತ್ತು ಆಟವಾಡಿಸಿತು. ಕಾವಿಗೆ ಚೂರು ಮಸಿ, ಚೂರು ಹಳದಿ ಸೇರಿಸಿ, ಮತ್ತೆ ಕಾವಿ ಸೇರಿಸಿ ಕೊನೆಗೆ ಹಿಡಿದೆ. ಸೀಮೆಗೆ ಸೀಮೆಯೇ ಆ ಕಲೆ ಕಂಡು ಕೊರಗುತ್ತಿದ್ದಾಗ, ನಾನೊಬ್ಬ ಅದರ ಬಣ್ಣ ಸಿಕ್ಕಿತೆಂದು ಹಿಗ್ಗುತ್ತಿದ್ದೆ. ಬರೆಯುವವರ ಬುದ್ಧಿಯೇ ಹಾಗೆ. ಮದುವೆ ಮನೆಯ ಬಾಗಿಲಿನಲ್ಲಿ ಏನು ಬರೆಯುತ್ತಿದ್ದೇನೆ ಎನ್ನುವುದು ತಲೆಗೆ ಹೋಗಲೇ ಇಲ್ಲ.

ಇಳಿಹೊತ್ತಿಗೆ ಯಜಮಾನರು ಬಂದರು. ಕೈಯಲ್ಲಿದ್ದ ಚೀಲಗಳನ್ನು ಕೆಳಗಿಡದೆ ಗೋಡೆಯ ಮುಂದೆ ನಿಂತರು. ಮೊದಲು ಅವರ ಮುಖ ಅರಳಿತು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದರು.

"ಮೇಷ್ಟ್ರೇ, ಗೋಡೆಗೂ ನುಸಿ ಹತ್ತಿಸಿಬುಟ್ರಲ್ಲ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಹೇಳಬಹುದಿತ್ತು.

"ನಿಮ್ಮ ತೋಟದ ಮರವೇ ಯಜಮಾನ್ರೇ, ನೋಡಿ ಬರೆದದ್ದು" ಎಂದೆ.

"ತೋಟದಲ್ಲಿರೋದು ನಂಗೆ ಗೊತ್ತಿಲ್ವಾ? ದಿನಾ ನೋಡಿ ನೋಡಿ ಕಣ್ಣು ಸೋತದೆ. ಬೆಳಗ್ಗೆ ಬೀಗರು ಬತ್ತಾರೆ. ಹೆಣ್ಣು ಕೊಡೋ ಮನೆ ಬಾಗಲಲ್ಲೇ ರೋಗದ ಮರ ನಿಲ್ಸಿದ್ರೆ ಜನ ಏನಂದಾರು ಕಣಪ್ಪ. ಮಗಳು ಬಾಳೋಕೆ ಹೋಗೋಳು."

ಅವರು ಹೇಳಿದ್ದರಲ್ಲಿ ಒಂದು ಮಾತನ್ನೂ ತೆಗೆದುಹಾಕುವ ಹಾಗಿರಲಿಲ್ಲ. ನಾನು ಹಸಿರಿನ ಕರಟ ಎತ್ತಿಕೊಂಡು ಮತ್ತೆ ಏಣಿ ಹತ್ತಿದೆ. ಒಂದೊಂದೇ ಕಾಯಿಯ ಕಲೆಯ ಮೇಲೆ ಹಸಿರು ಎಳೆಯುತ್ತಾ ಬಂದೆ. ಬೆಳಗ್ಗೆಯಿಂದ ಕಲಸಿ ಕಲಸಿ ಹಿಡಿದ ಬಣ್ಣ ನನ್ನ ಕೈಯಿಂದಲೇ ಮುಚ್ಚಿಹೋಗುತ್ತಿತ್ತು. ಗೊನೆ ಮಾತ್ರ ಗಿಳಿಹಸಿರಾಗಿ ಮಿರಮಿರ ಮಿಂಚತೊಡಗಿತು.

ಕೆಳಗೆ ನಿಮ್ಮಮ್ಮ ಏಣಿ ಹಿಡಿದು ನಿಂತಿದ್ದಳು. ಕಲೆ ಇರುವ ಕಾಯಿ ಇನ್ನೊಂದೇ ಉಳಿದಿತ್ತು. ಅದಕ್ಕೆ ಕುಂಚ ತಾಗಿಸಬೇಕು, ಆಗ ಕೇಳಿದಳು:

"ಅಪ್ಪಾ, ಇದು ನೋಡಿ ಬರೀತಿರೋದಾ, ನೋಡ್ದೆ ಬರೀತಿರೋದಾ?"

ತುಂಟತನಕ್ಕೆ ಕೇಳಿದ್ದಲ್ಲ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಉತ್ತರ ಬೇಕಾಗಿಯೇ ಕೇಳಿದ್ದಳು. ನೋಡದೆ ಎಂದರೆ ಅವಳ ಚಿತ್ರ ಅಳಿಸಿದ್ದು ಯಾಕೆ ಎನ್ನುತ್ತಾಳೆ. ನೋಡಿ ಎಂದರೆ ಅಪ್ಪ ಸುಳ್ಳು ಹೇಳಿದ ಎಂದು ಅವಳಿಗೆ ಅಲ್ಲೇ ತಿಳಿಯುತ್ತದೆ. ಕುಂಚದ ತುದಿಯಿಂದ ಹಸಿರು ತೊಟ್ಟಿಕ್ಕುತ್ತಿತ್ತು. ಚಪ್ಪರಕ್ಕೆ ಗರಿ ಹೊದಿಸುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು.

ಅಷ್ಟರಲ್ಲಿ ಯಜಮಾನರ ತಾಯಿ ನನಗೆ ಕಾಫಿ ಹಿಡಿದುಕೊಂಡು ಹೊರಗೆ ಬಂದರು. ಬೆನ್ನು ಬಾಗಿದ ಮುದುಕಿ. ಕಣ್ಣಿಗೆ ಕೈ ಅಡ್ಡ ಹಿಡಿದು ಗೋಡೆಯನ್ನೊಮ್ಮೆ, ಮಗನನ್ನೊಮ್ಮೆ, ಏಣಿಯ ಕೆಳಗಿನ ಹುಡುಗಿಯನ್ನೊಮ್ಮೆ ನೋಡಿದರು. ವಿಷಯ ಏನೆಂದು ಕೇಳಿ ತಿಳಿದುಕೊಂಡರು.

"ಅದೊಂದಿರ್ಲಿ ಬುಡಿ ಮೇಷ್ಟ್ರೇ, ಮುಚ್ಚಬ್ಯಾಡಿ" ಎಂದರು. "ಹಿಂಗೆ ಮೈತುಂಬ ಹಸುರಾಗಿದ್ರೆ ಕಣ್ಣು ಬೀಳಲ್ವಾ? ಮಗೀಗೆ ಕೆನ್ನೆ ಮ್ಯಾಲೆ ಇಡಲ್ವಾ ಕಪ್ಪು ಬೊಟ್ಟು, ಹಂಗೆ. ನಮ್ಮ ಮರಕ್ಕೂ ಒಂದು ದೃಷ್ಟಿಬೊಟ್ಟು ಇರ್ಲಿ."

ಯಜಮಾನರಿಗೇ ನಗು ಬಂತು. "ಅವ್ವ ಹೇಳಿದ ಮ್ಯಾಲೆ ಮುಗೀತು ಬುಡಿ" ಎಂದು ಚೀಲಗಳನ್ನೆತ್ತಿಕೊಂಡು ಒಳಗೆ ಹೋದರು. ನಾನು ಏಣಿ ಇಳಿದೆ. ಮುದುಕಿಯ ಕೈಯಿಂದ ಕಾಫಿ ತೆಗೆದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ನಿಮ್ಮಮ್ಮ ಕಿಟಕಿಯ ಪಕ್ಕ ಕೂತಿದ್ದಳು. ನಾನೇ ಮಾತು ತೆಗೆದೆ. "ನೋಡಿ ಬರೆದಿದ್ದು ಅದೊಂದೇ ಕಣೇ ಮಗಾ. ಉಳಿದಿದ್ದೆಲ್ಲಾ ಅವರ ಮಗಳಿಗೆ ಒಳ್ಳೇದಾಗ್ಲಿ ಅಂತ ಬರೆದಿದ್ದು" ಎಂದೆ. ಅವಳು ಯೋಚನೆ ಮಾಡಿದಳು. "ಹಂಗಾದ್ರೆ ನಂದೂ ಒಳ್ಳೇದಾಗ್ಲಿ ಅಂತಾನೇ ಬರೆದಿದ್ದು" ಎಂದು ಹೇಳಿ ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಅವಳ ಆ ಮೊದಲಿನ ಚಿತ್ರ ಅಳಿಸಬಾರದಿತ್ತು ಎಂದು ಆಗ ಅನ್ನಿಸಿತು. ಅಂದಿನಿಂದ ಯಾವ ಮಗುವಿನ ಹಾಳೆಯ ಮೇಲೂ ನಾನು ರಬ್ಬರ್ ಇಟ್ಟಿಲ್ಲ. ಪ್ರಶ್ನೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಈಗ ನಿಮಗೆ ರಬ್ಬರೂ ಬೇಡ, ಹಸಿರು ತುಂಬಿದ ಕರಟವೂ ಬೇಡ. ಮೊಬೈಲಿನಲ್ಲಿ ಫೋಟೊ ತೆಗೆದು ಬೆರಳಾಡಿಸಿದರೆ ಬೇಡದ್ದೆಲ್ಲ ಹೊರಟುಹೋಗುತ್ತದೆ. ಮೊನ್ನೆ ಜಗಲಿಯ ಮೇಲೆ ಕೂರಿಸಿ ನನ್ನ ಫೋಟೊ ತೆಗೆದಿರಿ. ಹಣೆಯ ಗೆರೆ ಹೋಯಿತು, ಕೆನ್ನೆಯ ಸುಕ್ಕು ಹೋಯಿತು, ಕಣ್ಣಿನ ಕೆಳಗಿನ ಚೀಲ ಹೋಯಿತು. ತೋರಿಸಿದಿರಿ. ಯಾರೋ ಪರಿಚಯವಿಲ್ಲದ ತಾತ, ಚೆನ್ನಾಗಿಯೇ ಇದ್ದ. ಮೂಗಿನ ಪಕ್ಕದ ಈ ಮಚ್ಚೆಯೊಂದು ಉಳಿದಿತ್ತು. ಅದರ ಮೇಲೆ ಬೆರಳಿಡುವಾಗ ಹಿಂದೆ ನಿಂತಿದ್ದ ನಿಮ್ಮಮ್ಮ, "ಅದೊಂದಿರ್ಲಿ ಬುಡ್ರೋ" ಎಂದಳು. ನೀವು ಬಿಟ್ಟಿರಿ. ಅವಳೂ ನಾನೂ ಯಾಕೆ ಅಷ್ಟು ನಕ್ಕೆವು ಎಂದು ಅವತ್ತಿನಿಂದ ಕೇಳುತ್ತಿದ್ದಿರಲ್ಲ, ಇದಕ್ಕೇ.